ಪೋಸ್ಟ್ ತೆಗೆದದ್ದು ಯಾರು, ಯಾವ ನಿಯಮದಡಿ? ಆನ್‌ಲೈನ್ ಮಾಡರೇಶನ್ ಮತ್ತು ಮಾತಿನ ಸ್ವಾತಂತ್ರ್ಯ

ನೀವು ಹಾಕಿದ ಪೋಸ್ಟ್ ಇದ್ದಕ್ಕಿದ್ದಂತೆ ಕಾಣೆಯಾಗಿದೆ. ಅದರ ಜಾಗದಲ್ಲಿ ‘ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿದೆ’ ಎಂಬ ಒಂದೇ ಸಾಲು. ಯಾವ ನಿಯಮ, ಯಾವ ಮಾತು, ನೋಡಿದವರು ಯಾರು, ಒಂದೂ ಗೊತ್ತಾಗುವುದಿಲ್ಲ. ಇನ್ನೊಬ್ಬರಿಗೆ ಇದರ ಉಲ್ಟಾ ಅನುಭವ. ಯಾರೋ ಅವರಿಗೆ ಬೆದರಿಕೆ ಹಾಕಿದ್ದಾರೆ. ರಿಪೋರ್ಟ್ ಮಾಡಿದರೆ ‘ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಮೊದಲನೆಯವರು ‘ನನ್ನ ಬಾಯಿ ಮುಚ್ಚಿಸಿದರು’ ಅನ್ನುತ್ತಾರೆ. ಎರಡನೆಯವರು ‘ನನ್ನನ್ನು ಕಾಯಲಿಲ್ಲ’ ಅನ್ನುತ್ತಾರೆ. ಇಬ್ಬರ ದೂರೂ ಒಂದೇ ವ್ಯವಸ್ಥೆಯ ಮೇಲೆ.

‘ಸ್ವಾತಂತ್ರ್ಯ ಬೇಕೋ, ಕಡಿವಾಣ ಬೇಕೋ’ ಎಂದು ಕೇಳಿದರೆ ಇಬ್ಬರಿಗೂ ಉತ್ತರ ಸಿಗುವುದಿಲ್ಲ. ತೀರ್ಮಾನ ಮಾಡಿದ್ದು ಯಾರು, ಯಾವ ನಿಯಮ ಇಟ್ಟುಕೊಂಡು, ಕಾರಣ ಹೇಳಿದರಾ, ತಪ್ಪಾಗಿದ್ದರೆ ಸರಿಪಡಿಸಲು ದಾರಿ ಇದೆಯಾ? ಈ ನಾಲ್ಕನ್ನು ಕೇಳಿದಾಗ ವಿಷಯ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಸ್ವಲ್ಪ ಬುಡದಿಂದಲೇ ಶುರು ಮಾಡಬೇಕು.

## ಮಾಡರೇಶನ್ ಅಂದರೆ ಏನು?

ಜನ ಹಾಕುವ ಬರಹ, ಫೋಟೋ, ವಿಡಿಯೋಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಯಾವುದು ಎಷ್ಟು ಜನರಿಗೆ ಕಾಣಬೇಕು ಎಂದು ನೋಡುವ ಕೆಲಸವೇ ಮಾಡರೇಶನ್. ಅದನ್ನು ಮಾಡುವವರು ಮಾಡರೇಟರ್‌ಗಳು. ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಕಂಪನಿಯೇ ಯಂತ್ರ ಮತ್ತು ಸಂಬಳದ ಜನರನ್ನು ಇಟ್ಟು ಇದನ್ನು ಮಾಡಿಸುತ್ತದೆ. ರೆಡ್ಡಿಟ್‌ನಲ್ಲಿ ಒಂದೊಂದು ಗುಂಪನ್ನು ಅಲ್ಲಿನ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ಅವರ ಮೇಲೆ ಕಂಪನಿಯ ನಿಯಮ ಇರುತ್ತದೆ. ವಿಕಿಪೀಡಿಯದಲ್ಲೂ ಬಹುಪಾಲು ಸ್ವಯಂಸೇವಕರದೇ ಕೆಲಸ. ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಯಾರದೋ ಮೆಸೇಜ್ ಅಳಿಸಿದರೆ ಅದೂ ಮಾಡರೇಶನ್ನೇ.

ಅಳಿಸುವುದು ಒಂದೇ ದಾರಿಯಲ್ಲ. ಪೋಸ್ಟಿನ ಮೇಲೆ ಎಚ್ಚರಿಕೆಯ ಪಟ್ಟಿ ಹಾಕಬಹುದು. 18 ದಾಟಿದವರಿಗೆ ಮಾತ್ರ ತೋರಿಸಬಹುದು. ಶೇರ್ ಆಗದಂತೆ ತಡೆಯಬಹುದು. ಜಾಹೀರಾತಿನ ಹಣ ನಿಲ್ಲಿಸಬಹುದು. ಅಕೌಂಟನ್ನು ಕೆಲವು ದಿನ ಅಥವಾ ಕಾಯಂ ಆಗಿ ಮುಚ್ಚಬಹುದು. ಇವೆಲ್ಲ ಕಣ್ಣಿಗೆ ಕಾಣುವ ಕ್ರಮಗಳು. ಕಾಣದ್ದೂ ಒಂದಿದೆ. ಪೋಸ್ಟ್ ಇದ್ದಲ್ಲೇ ಇರುತ್ತದೆ, ಆದರೆ ಯಾರ ಫೀಡಿಗೂ ಹೋಗುವುದಿಲ್ಲ. ಬರೆದವರು ‘ಯಾರೂ ಓದುತ್ತಿಲ್ಲವಲ್ಲ’ ಅಂದುಕೊಂಡು ಸುಮ್ನೆ ಇರುತ್ತಾರೆ. ಇದಕ್ಕೆ ಶ್ಯಾಡೋಬ್ಯಾನ್ ಎನ್ನುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಅನುಮಾನ ಹುಟ್ಟಿಸುವುದು ಇದೇ, ಏಕೆಂದರೆ ಏನಾಯಿತೆಂದೇ ಗೊತ್ತಾಗದಿದ್ದರೆ ಪ್ರಶ್ನಿಸುವುದು ಹೇಗೆ?

ಹಾಗಾದರೆ ಮಾಡರೇಶನ್ನೇ ಬೇಡ ಅನ್ನಬಹುದಾ? ಒಂದೇ ದಿನ ನಿಲ್ಲಿಸಿದರೂ ಮೊದಲು ನುಗ್ಗುವುದು ಸ್ಪ್ಯಾಮ್: ನಕಲಿ ಜಾಹೀರಾತು, ಮೋಸದ ಲಿಂಕ್, ಒಂದೇ ಮೆಸೇಜಿನ ಸಾವಿರ ಪ್ರತಿ. ಅದರ ಹಿಂದೆಯೇ ಗಟ್ಟಿ ಗಂಟಲಿನವರು ಬರುತ್ತಾರೆ. ದಿನವೂ ಬೈಗುಳ ತಿನ್ನುವವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ ಹೊರಟುಹೋಗುತ್ತಾರೆ. ಅವರನ್ನು ಯಾರೂ ಬ್ಲಾಕ್ ಮಾಡಿಲ್ಲ, ಆದರೂ ಅವರ ದನಿ ಅಲ್ಲಿ ಉಳಿದಿಲ್ಲ. ಮಾತಿನ ಸ್ವಾತಂತ್ರ್ಯದ ಲೆಕ್ಕ ಹಾಕುವಾಗ ಹೀಗೆ ಬಿಟ್ಟುಹೋದವರನ್ನೂ ಸೇರಿಸಿಕೊಳ್ಳಬೇಕು ಅನ್ನುವುದು ನನ್ನ ನಂಬಿಕೆ.

## ಸಂವಿಧಾನದ ಹಕ್ಕು ಯಾರನ್ನು ತಡೆಯುತ್ತದೆ?

ಇಲ್ಲಿ ಗೊಂದಲ ಜಾಸ್ತಿ. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 19ನೇ ವಿಧಿ ಎಲ್ಲರಿಗೂ ಅಭಿಪ್ರಾಯ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಇದೆ ಎನ್ನುತ್ತದೆ. ಭಾರತದ ಸಂವಿಧಾನದ 19(1)(ಎ) ವಿಧಿ ಅದನ್ನು ನಾಗರಿಕರ ಮೂಲಭೂತ ಹಕ್ಕು ಎಂದು ಕರೆಯುತ್ತದೆ. 19(2) ಅದಕ್ಕೆ ಮಿತಿ ಹಾಕಲು ಯಾವ ಕಾರಣಗಳಿರಬಹುದು ಎಂದು ಪಟ್ಟಿ ಮಾಡುತ್ತದೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನನಷ್ಟ ಮುಂತಾದವು. ಅಮೆರಿಕದಲ್ಲಿ ಸಂವಿಧಾನದ 1791ರ ಮೊದಲ ತಿದ್ದುಪಡಿ ಇದೇ ಹಕ್ಕನ್ನು ಕಾಯುತ್ತದೆ.

ಇಂಥ ಹಕ್ಕುಗಳು ಮುಖ್ಯವಾಗಿ ಕೈ ಕಟ್ಟುವುದು ಸರ್ಕಾರದ್ದು. ನೀವು ಬರೆದಿದ್ದಕ್ಕೆ ಸರ್ಕಾರ ನಿಮ್ಮನ್ನು ಜೈಲಿಗೆ ಹಾಕಿದರೆ ಸಂವಿಧಾನ ಅಡ್ಡ ನಿಲ್ಲಬಹುದು. ಖಾಸಗಿ ಕಂಪನಿ ನಿಮ್ಮ ಪೋಸ್ಟ್ ತೆಗೆದರೆ ಸಾಮಾನ್ಯವಾಗಿ ಅದು ಕಂಪನಿ ಮತ್ತು ನಿಮ್ಮ ನಡುವಿನ ಒಪ್ಪಂದದ ವಿಷಯ. ಅಕೌಂಟ್ ತೆರೆಯುವಾಗ ಓದದೆ ‘ಒಪ್ಪಿದೆ’ ಎಂದು ಒತ್ತಿದ್ದು ಆ ಒಪ್ಪಂದವೇ. ಕಂಪನಿಗೂ ತನ್ನದೇ ಸ್ವಾತಂತ್ರ್ಯ ಇದೆ ಎಂಬ ವಾದವೂ ಇದೆ. 2024ರ ಜುಲೈನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವೇದಿಕೆಗಳ ಮಾಡರೇಶನ್‌ಗೆ ಮಿತಿ ಹಾಕುವ ರಾಜ್ಯ ಕಾನೂನುಗಳ ವಿರುದ್ಧ ಟೆಕ್ ಕಂಪನಿಗಳ ಸಂಘ ನೆಟ್‌ಚಾಯ್ಸ್ ಹೂಡಿದ್ದ ಪ್ರಕರಣಗಳನ್ನು ಕೆಳಗಿನ ಕೋರ್ಟುಗಳಿಗೆ ವಾಪಸ್ ಕಳಿಸಿತು. ಹಾಗೆ ಕಳಿಸುವಾಗ, ಫೀಡಿನಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿ ಜೋಡಿಸುವುದೂ ಒಂದು ಬಗೆಯ ಅಭಿವ್ಯಕ್ತಿಯೇ ಎಂಬ ನಿಲುವನ್ನು ಬಹುಮತದ ತೀರ್ಪು ತಳೆಯಿತು.

ಕಾನೂನಿನ ಮಾತು ಇಷ್ಟು. ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ ಅಲ್ವಾ? ಕೋಟ್ಯಂತರ ಜನರ ಮಾತುಕತೆ ನಾಲ್ಕೈದು ಕಂಪನಿಗಳ ಅಂಗಳದಲ್ಲಿ ನಡೆಯುವಾಗ ಅವರ ಖಾಸಗಿ ನಿಯಮವೂ ಕಾನೂನಿನಷ್ಟೇ ಗಟ್ಟಿಯಾಗಿ ತಟ್ಟುತ್ತದೆ. ಅಲ್ಲಿಂದ ಹೊರಗೆ ಹಾಕಿಸಿಕೊಂಡ ಪತ್ರಕರ್ತರಿಗೆ ಅಥವಾ ಸಣ್ಣ ವ್ಯಾಪಾರಿಗೆ ‘ಬೇರೆ ಕಡೆ ಹೋಗಿ’ ಎಂದರೆ ಅದು ಉತ್ತರವಾಗುವುದಿಲ್ಲ.

ಸರ್ಕಾರವೂ ಕಂಪನಿಯ ಹಿಂದೆ ನಿಂತಿರಬಹುದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಕೆಲವು ಕಾರಣಗಳಿಗೆ ಆನ್‌ಲೈನ್ ವಿಷಯವನ್ನು ತಡೆಯಲು ಆದೇಶಿಸಬಹುದು, ಮತ್ತು ಆ ಪ್ರಕ್ರಿಯೆಯನ್ನು ಗುಟ್ಟಾಗಿಡಬೇಕೆಂಬ ನಿಯಮವೂ ಇದೆ. ಪೋಸ್ಟ್ ಕಾಣೆಯಾದವರಿಗೆ ಅದು ಕಂಪನಿಯ ತೀರ್ಮಾನವೋ ಸರ್ಕಾರದ ಆದೇಶವೋ ತಿಳಿಯದೆ ಹೋಗಬಹುದು. ಯಾರು ತೆಗೆದರು ಎಂಬ ಪ್ರಶ್ನೆಗೆ ಅದಕ್ಕೇ ಇಷ್ಟು ತೂಕ.

## ಹೊಣೆ ಯಾರದು? ಎರಡು ಮೊಕದ್ದಮೆಗಳ ಕಥೆ

ಒಬ್ಬರು ಬರೆದ ಸುಳ್ಳಿನಿಂದ ಇನ್ನೊಬ್ಬರ ಹೆಸರು ಕೆಟ್ಟರೆ ಬರೆದವರು ಹೊಣೆ. ಅದನ್ನು ತನ್ನ ಜಾಗದಲ್ಲಿ ಇಟ್ಟ ಕಂಪನಿಯೂ ಹೊಣೆಯೇ? ಇಂದಿನ ನಿಯಮಗಳು ಹುಟ್ಟಿದ್ದೇ ಈ ಪ್ರಶ್ನೆಯಿಂದ.

1991ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆಯ ಮೇಲೆ ಮೊಕದ್ದಮೆ ನಡೆಯಿತು. ಆ ಕಂಪನಿ ಬರಹಗಳನ್ನು ಮೊದಲೇ ನೋಡುತ್ತಿರಲಿಲ್ಲ. ಪುಸ್ತಕದ ಅಂಗಡಿಯವರು ಪ್ರತಿ ಪುಸ್ತಕ ಓದಿ ಮಾರುವುದಿಲ್ಲ, ಇದೂ ಹಾಗೇ ಎಂದು ಕೋರ್ಟ್ ಅದನ್ನು ಬಿಟ್ಟಿತು. 1995ರಲ್ಲಿ ಪ್ರಾಡಿಜಿ ಎಂಬ ಇನ್ನೊಂದು ಸೇವೆ ಕಟಕಟೆಗೆ ಬಂತು. ಸ್ಟ್ರ್ಯಾಟನ್ ಓಕ್‌ಮಾಂಟ್ ಎಂಬ ಷೇರು ದಲ್ಲಾಳಿ ಸಂಸ್ಥೆಯನ್ನು ಯಾರೋ ಅಲ್ಲಿ ಮೋಸಗಾರರೆಂದು ಬರೆದಿದ್ದರು. ಪ್ರಾಡಿಜಿ ಕುಟುಂಬಗಳಿಗೆ ಹೊಂದುವ ಜಾಗ ಎಂದು ಹೇಳಿಕೊಂಡು, ನಿಯಮ ಇಟ್ಟು, ಕೆಟ್ಟ ಮಾತು ಸೋಸುವ ಸಾಫ್ಟ್‌ವೇರ್ ಬಳಸುತ್ತಿತ್ತು. ನೋಡಿ ತೆಗೆಯುತ್ತೀರಿ ಎಂದ ಮೇಲೆ ನೀವು ಪ್ರಕಾಶಕರೇ, ಹೊಣೆಯೂ ನಿಮ್ಮದೇ ಎಂದಿತು ನ್ಯೂಯಾರ್ಕ್ ಕೋರ್ಟ್.

ಎರಡೂ ತೀರ್ಪು ಜೊತೆಗಿಟ್ಟು ನೋಡಿ. ಕಣ್ಣು ಮುಚ್ಚಿಕೊಂಡವರು ಪಾರಾದರು. ಶುಚಿ ಮಾಡಲು ಹೋದವರು ಸಿಕ್ಕಿಬಿದ್ದರು. ಈ ಎಡವಟ್ಟನ್ನು ಸರಿಮಾಡಲು 1996ರಲ್ಲಿ ಅಮೆರಿಕ ಸೆಕ್ಷನ್ 230 ಎಂಬ ಕಾನೂನು ತಂದಿತು. ಅದು ಎರಡು ಮಾತು ಹೇಳುತ್ತದೆ. ಬೇರೆಯವರು ಬರೆದದ್ದಕ್ಕೆ ವೇದಿಕೆಯನ್ನು ಪ್ರಕಾಶಕ ಎಂದು ಎಣಿಸುವಂತಿಲ್ಲ. ಆಕ್ಷೇಪಾರ್ಹ ಎನಿಸಿದ್ದನ್ನು ಪ್ರಾಮಾಣಿಕವಾಗಿ ತೆಗೆದರೆ ಅದಕ್ಕೂ ಶಿಕ್ಷೆ ಇಲ್ಲ. ಕೇಂದ್ರದ ಅಪರಾಧ ಕಾನೂನು, ಕೃತಿಸ್ವಾಮ್ಯದಂಥ ಕೆಲವು ವಿಷಯಗಳು ಇದರ ಹೊರಗಿವೆ.

ಭಾರತದಲ್ಲಿ ಇಂಥ ರಕ್ಷಣೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿದೆ, ಷರತ್ತುಗಳ ಸಮೇತ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 66ಎ ಸೆಕ್ಷನ್ನನ್ನೇ ರದ್ದು ಮಾಡಿತು. ‘ಕಿರಿಕಿರಿ’ ತರುವ ಮೆಸೇಜಿಗೂ ಜೈಲು ಎನ್ನುತ್ತಿದ್ದ ಸೆಕ್ಷನ್ ಅದು. ಸುದ್ದಿಯಾದದ್ದು ಆ ಭಾಗ. ಅದೇ ತೀರ್ಪಿನ ಇನ್ನೊಂದು ಭಾಗ ಅಷ್ಟೇ ಮುಖ್ಯ. ಯಾರೋ ದೂರು ಕೊಟ್ಟರು ಎಂಬ ಮಾತ್ರಕ್ಕೆ ವೇದಿಕೆಗಳು ತೆಗೆಯಬೇಕಿಲ್ಲ, ಕೋರ್ಟಿನ ಆದೇಶ ಅಥವಾ ಸರ್ಕಾರದ ಸೂಚನೆ ಬಂದಾಗ ತೆಗೆಯಬೇಕು ಎಂದು ಕೋರ್ಟ್ 79ನೇ ಸೆಕ್ಷನ್ನನ್ನು ಅರ್ಥೈಸಿತು. ದೂರು ಬಂದ ಕೂಡಲೇ ತೆಗೆಯಬೇಕೆಂದಿದ್ದರೆ, ತನಗೆ ಸೇರದ ಮಾತನ್ನು ಯಾರು ಬೇಕಾದರೂ ಒಂದು ದೂರಿನಿಂದ ಅಳಿಸಬಹುದಿತ್ತು.

2017ರಲ್ಲಿ ಜರ್ಮನಿ ಬೇರೆ ದಾರಿ ಹಿಡಿಯಿತು. ಮೇಲ್ನೋಟಕ್ಕೇ ಕಾನೂನುಬಾಹಿರ ಎನಿಸುವ ಪೋಸ್ಟನ್ನು ದೂರು ಬಂದ 24 ಗಂಟೆಯೊಳಗೆ ದೊಡ್ಡ ವೇದಿಕೆಗಳು ತೆಗೆಯಬೇಕಿತ್ತು, ಅದಕ್ಕೆ ವ್ಯವಸ್ಥೆ ಇಟ್ಟುಕೊಳ್ಳದಿದ್ದರೆ ದಂಡ 5 ಕೋಟಿ ಯೂರೊವರೆಗೆ ಇತ್ತು. ದ್ವೇಷದ ಮಾತು ತಡೆಯುವುದು ಉದ್ದೇಶ. ಟೀಕೆ ಬಂದದ್ದು ಇನ್ನೊಂದು ಕಡೆಯಿಂದ: ಉಳಿಸಿಕೊಂಡು ತಪ್ಪಾದರೆ ಭಾರಿ ದಂಡ, ಅಳಿಸಿ ತಪ್ಪಾದರೆ ಏನೂ ಇಲ್ಲ ಎಂದಿದ್ದರೆ ಯಾವ ಕಂಪನಿಯಾದರೂ ಅಳಿಸುವ ಕಡೆಗೇ ವಾಲುತ್ತದೆ. ಆ ಟೀಕೆಯಲ್ಲಿ ಹುರುಳಿದೆ. ಕಾನೂನು ಬರೆಯುವವರ ಮನಸ್ಸಿನಲ್ಲಿ ಏನಿತ್ತು ಎನ್ನುವುದಕ್ಕಿಂತ ದಂಡದ ತಕ್ಕಡಿ ಯಾವ ಕಡೆ ತೂಗುತ್ತದೆ ಎನ್ನುವುದೇ ಮಾಡರೇಟರ್ ಕೈಯನ್ನು ನಡೆಸುತ್ತದೆ.

## ಯಂತ್ರ ಹೇಗೆ ತೀರ್ಮಾನಿಸುತ್ತದೆ?

ದೊಡ್ಡ ವೇದಿಕೆಗಳಲ್ಲಿ ಮೊದಲ ನೋಟ ಯಂತ್ರದ್ದು. ಅದರಲ್ಲಿ ಎರಡು ಬಗೆ.

ಒಂದು, ಗುರುತು ಹೊಂದಿಸುವುದು. ಈಗಾಗಲೇ ಕೆಟ್ಟದ್ದೆಂದು ಗೊತ್ತಾದ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಖ್ಯಾಗುರುತು ಮಾಡಿಡುತ್ತಾರೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಹೊಸ ಚಿತ್ರ ಬಂದಾಗ ಅದರ ಹ್ಯಾಶ್ ತೆಗೆದು ಪಟ್ಟಿಯ ಜೊತೆ ಹೋಲಿಸುತ್ತಾರೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಿಡಿಯಲು 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಸೇರಿ ತಯಾರಿಸಿದ ಫೋಟೋಡಿಎನ್ಎ ಇಂಥದ್ದು. ಇಲ್ಲಿ ವಾದಕ್ಕೆ ಜಾಗ ಕಡಿಮೆ, ಯಾವ ಸಂದರ್ಭದಲ್ಲೂ ಆ ಚಿತ್ರಕ್ಕೆ ಸಮರ್ಥನೆ ಇಲ್ಲ. ಆದರೂ ಈ ವಿಧಾನಕ್ಕೆ ಮಿತಿ ಇದೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ನಡೆದ ಹತ್ಯೆಯನ್ನು ಕೊಲೆಗಾರ ಲೈವ್ ಮಾಡಿದ್ದ. ಮೊದಲ 24 ಗಂಟೆಯಲ್ಲಿ ಆ ವಿಡಿಯೋದ 15 ಲಕ್ಷ ಪ್ರತಿ ತೆಗೆದೆವು, ಅದರಲ್ಲಿ 12 ಲಕ್ಷವನ್ನು ಅಪ್‌ಲೋಡ್ ಆಗುವಾಗಲೇ ತಡೆದೆವು ಎಂದು ಫೇಸ್‌ಬುಕ್ ಹೇಳಿತು. ಉಳಿದ 3 ಲಕ್ಷ ತಪ್ಪಿಸಿಕೊಂಡು ಒಳಗೆ ಹೋಗಿದ್ದವು. ಜನ ವಿಡಿಯೋವನ್ನು ಕತ್ತರಿಸಿ, ಪರದೆಯಿಂದ ಮತ್ತೆ ಚಿತ್ರೀಕರಿಸಿ ಹಾಕುತ್ತಿದ್ದರು. ಹಾಗೆ ಬದಲಾದ ಪ್ರತಿಯ ಗುರುತು ಹೊಂದುವುದು ಕಷ್ಟ.

ಎರಡನೆಯದು, ಊಹಿಸುವುದು. ಲಕ್ಷಾಂತರ ಉದಾಹರಣೆ ತೋರಿಸಿ ಯಂತ್ರಕ್ಕೆ ಕಲಿಸುತ್ತಾರೆ. ಹೊಸ ಪೋಸ್ಟ್ ಬಂದಾಗ ‘ಇದು ದ್ವೇಷದ ಮಾತಿರುವ ಸಾಧ್ಯತೆ ಇಷ್ಟು’ ಎಂದು ಅದು ಅಂದಾಜು ಹೇಳುತ್ತದೆ. ಯಂತ್ರ ಶೇಕಡಾ 99ರಷ್ಟು ಸರಿ ಎಂದರೆ ಸಾಕಲ್ಲವೇ ಅನಿಸುತ್ತದೆ. ಲೆಕ್ಕ ಮಾಡಿ ನೋಡೋಣ. ಒಂದು ವೇದಿಕೆಗೆ ದಿನಕ್ಕೆ 10 ಕೋಟಿ ಪೋಸ್ಟ್ ಬರುತ್ತವೆ, ಸಾವಿರಕ್ಕೆ 1 ಕೆಟ್ಟದ್ದು ಎಂದಿಟ್ಟುಕೊಳ್ಳಿ. ಕೆಟ್ಟವು 1 ಲಕ್ಷ. ಅದರಲ್ಲಿ 99,000 ಸಿಕ್ಕಿಬೀಳುತ್ತವೆ, 1,000 ಉಳಿಯುತ್ತವೆ. ಒಳ್ಳೆಯವು 9 ಕೋಟಿ 99 ಲಕ್ಷ. ಅವುಗಳಲ್ಲಿ ಶೇಕಡಾ 1ರಷ್ಟು ತಪ್ಪಾಗಿ ಹೋದರೆ 9,99,000. ಅಂದರೆ ಅಷ್ಟು ಜಾಣ ಯಂತ್ರವೂ ಒಂದು ಕೆಟ್ಟ ಪೋಸ್ಟಿಗೆ ಹತ್ತು ಒಳ್ಳೆಯ ಪೋಸ್ಟ್ ತೆಗೆಯುತ್ತದೆ. ದಿನವೂ ಸುಮಾರು 10 ಲಕ್ಷ ಜನರಿಗೆ ‘ನನ್ನ ಬಾಯಿ ಮುಚ್ಚಿಸಿದರು’ ಅನಿಸುತ್ತದೆ. ಇನ್ನೊಂದು ಸಾವಿರ ಕಡೆ ಬೆದರಿಕೆ ಹಾಗೇ ಉಳಿದಿರುತ್ತದೆ. ಇದು ಜರಡಿಯ ಕಣ್ಣಿನ ಹಾಗೆ. ಸಣ್ಣದು ಮಾಡಿದರೆ ಕಾಳೂ ಮೇಲೇ ನಿಲ್ಲುತ್ತದೆ, ದೊಡ್ಡದು ಮಾಡಿದರೆ ಕಲ್ಲೂ ಕೆಳಗೆ ಬೀಳುತ್ತದೆ. ಎಷ್ಟು ಅಗಲ ಇರಬೇಕು ಎನ್ನುವುದನ್ನು ಯಂತ್ರ ಹೇಳುವುದಿಲ್ಲ, ಮನುಷ್ಯರೇ ಆರಿಸಬೇಕು.

ಸಂದರ್ಭ ಓದುವುದು ಯಂತ್ರಕ್ಕೆ ಇನ್ನೂ ಕಷ್ಟ. ಬೈಗುಳ ತಿಂದವರು ಅದನ್ನು ಎತ್ತಿ ತೋರಿಸಿ ‘ನೋಡಿ, ನನಗೆ ಹೀಗಂದರು’ ಎಂದರೆ, ಅಲ್ಲೂ ಇರುವುದು ಅದೇ ಪದಗಳು. 2017ರಲ್ಲಿ ಯೂಟ್ಯೂಬ್‌ನ ಹೊಸ ವ್ಯವಸ್ಥೆ ಉಗ್ರರ ವಿಡಿಯೋ ಹುಡುಕಲು ಹೋಗಿ ಸಿರಿಯಾ ಯುದ್ಧದ ದೌರ್ಜನ್ಯಗಳನ್ನು ದಾಖಲಿಸಿದ್ದ ಸಾವಿರಾರು ವಿಡಿಯೋಗಳನ್ನೂ ತೆಗೆಯಿತು. ಅವುಗಳಲ್ಲಿ ಎಷ್ಟೋ ಮುಂದೆ ಸಾಕ್ಷಿಯಾಗಬಲ್ಲವಾಗಿದ್ದವು. ಮನುಷ್ಯರು ನೋಡಿದರೂ ನಿಯಮವೇ ಮೊಂಡಾಗಿದ್ದರೆ ಇದೇ ಗತಿ. 1972ರ ವಿಯೆಟ್ನಾಂ ಯುದ್ಧದ ಚಿತ್ರವೊಂದರಲ್ಲಿ ನೇಪಾಮ್ ಎಂಬ ಬೆಂಕಿ ಬಾಂಬಿನ ದಾಳಿಯಿಂದ ಬಟ್ಟೆಯಿಲ್ಲದೆ ಓಡಿಬರುವ ಹುಡುಗಿ ಇದ್ದಾಳೆ. 2016ರಲ್ಲಿ ಫೇಸ್‌ಬುಕ್ ಅದನ್ನು ನಗ್ನತೆಯ ನಿಯಮದಡಿ ತೆಗೆಯಿತು. ನಾರ್ವೆಯ ಪ್ರಧಾನಿ ಎರ್ನಾ ಸೋಲ್ಬರ್ಗ್ ಪ್ರತಿಭಟಿಸಿ ಹಾಕಿದ ಪೋಸ್ಟೂ ಹೋಯಿತು. ಗದ್ದಲವಾದ ಮೇಲೆ ಚಿತ್ರ ವಾಪಸ್ ಬಂತು. ಪ್ರಧಾನಿ ಕೇಳಿದ್ದಕ್ಕೆ ಜಗತ್ತು ತಿರುಗಿ ನೋಡಿತು. ಸಾಮಾನ್ಯರ ಪೋಸ್ಟಿಗೆ ಆ ಅನುಕೂಲ ಇಲ್ಲ.

## ಸಣ್ಣ ಭಾಷೆಗಳಿಗೆ ಎರಡು ಪಟ್ಟು ಪೆಟ್ಟು

ಯಂತ್ರ ಕಲಿಯುವುದು ಉದಾಹರಣೆಗಳಿಂದ. ಆನ್‌ಲೈನ್‌ನಲ್ಲಿ ಬರಹ ಕಡಿಮೆ ಇರುವ ಭಾಷೆಯಲ್ಲಿ ಅದಕ್ಕೆ ಪಾಠವೂ ಕಡಿಮೆ. ಹಾಗಾಗಿ ಅಂಥ ಭಾಷೆಯಲ್ಲಿ ನಿಜವಾದ ಬೆದರಿಕೆ ತಪ್ಪಿಸಿಕೊಳ್ಳುತ್ತದೆ, ನಿರುಪದ್ರವಿ ಮಾತು ಸಿಕ್ಕಿಬೀಳುತ್ತದೆ.

ಇದರ ಬೆಲೆ ಏನೆಂದು ಮ್ಯಾನ್ಮಾರ್ ತೋರಿಸಿತು. ಅಲ್ಲಿ ಬಹುಪಾಲು ಜನರಿಗೆ ಇಂಟರ್ನೆಟ್ ಅಂದರೆ ಫೇಸ್‌ಬುಕ್ಕೇ ಆಗಿತ್ತು. ಬರ್ಮೀಸ್ ಬರಹಕ್ಕೆ ಯೂನಿಕೋಡ್ ಬದಲು ಜಾಗ್ಯಿ ಎಂಬ ಬೇರೆ ಸಂಕೇತ ವ್ಯವಸ್ಥೆ ಹೆಚ್ಚು ಬಳಕೆಯಲ್ಲಿದ್ದುದರಿಂದ ಯಂತ್ರಗಳಿಗೆ ಓದುವುದೇ ತೊಡಕಾಗಿತ್ತು. ರೋಹಿಂಗ್ಯಾ ಜನರ ಮೇಲಿನ ದ್ವೇಷ ಹರಡಲು ಫೇಸ್‌ಬುಕ್ ಬಳಕೆಯಾಯಿತೆಂದು 2018ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಹೇಳಿತು. ನಾವು ತೀರಾ ನಿಧಾನ ಮಾಡಿದೆವು ಎಂದು ಕಂಪನಿಯೇ ಆ ವರ್ಷ ಒಪ್ಪಿಕೊಂಡಿತು.

ಕನ್ನಡವನ್ನೇ ತೆಗೆದುಕೊಳ್ಳಿ. ಕೆಲವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು ಥರ. ಒಂದೇ ಮಾತು ಗೆಳೆಯರ ನಡುವೆ ಸಲಿಗೆ, ಅಪರಿಚಿತರ ಬಾಯಲ್ಲಿ ಅವಮಾನ. ಒಂದು ಜಾತಿಯ ಹೆಸರನ್ನು ಬೈಗುಳವಾಗಿ ಎಸೆದಾಗ ಅದರ ವಿಷ ಅಲ್ಲಿನವರಿಗೆ ತಟ್ಟನೆ ತಿಳಿಯುತ್ತದೆ. ಆ ಭಾಷೆ ಬಾರದ ಮಾಡರೇಟರ್ ಅನುವಾದ ಓದಿದರೆ ಅದೊಂದು ಸಾಮಾನ್ಯ ನಾಮಪದ.

## ಪರದೆಯ ಹಿಂದಿನ ಜನ

ಯಂತ್ರಕ್ಕೆ ಬಗೆಹರಿಯದ್ದು ಮನುಷ್ಯರ ಮುಂದೆ ಬರುತ್ತದೆ. ಈ ಕೆಲಸದ ದೊಡ್ಡ ಪಾಲು ಮನಿಲಾ, ನೈರೋಬಿಯಂಥ ಊರುಗಳ ಗುತ್ತಿಗೆ ಕಂಪನಿಗಳಲ್ಲಿ ನಡೆದಿದೆ. ತಲೆ ಕಡಿಯುವುದು, ಮಕ್ಕಳ ಮೇಲಿನ ಹಿಂಸೆ, ಆತ್ಮಹತ್ಯೆ, ಇವನ್ನೆಲ್ಲ ನೋಡುತ್ತಾ ಒಂದೊಂದಕ್ಕೂ ಬೇಗಬೇಗ ತೀರ್ಮಾನ ಹೇಳಬೇಕು. ಇದರಿಂದ ಮಾನಸಿಕ ಆಘಾತವಾಯಿತೆಂದು ಅಮೆರಿಕದ ಮಾಡರೇಟರ್‌ಗಳು ಹೂಡಿದ ಮೊಕದ್ದಮೆಯಲ್ಲಿ 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ಫೀಡು ನೋಡುವಂತಿರುವುದು ಇವರು ನಮ್ಮ ಬದಲು ನೋಡಿರುವುದರಿಂದ. ಈ ಚರ್ಚೆಯಲ್ಲಿ ಇವರ ಮಾತು ಬರುವುದು ತೀರಾ ಕಡಿಮೆ, ಅದು ಸರಿಯಲ್ಲ.

## ನ್ಯಾಯವಾಗಿ ಮಾಡುವುದು ಹೇಗೆ?

ಇದಕ್ಕೆ ಅಳತೆಗೋಲು ಇಲ್ಲದೇ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 19ನೇ ವಿಧಿ ಮಾತಿಗೆ ಮಿತಿ ಹಾಕುವ ಸರ್ಕಾರಗಳ ಮುಂದೆ ಮೂರು ಷರತ್ತು ಇಡುತ್ತದೆ: ನಿಯಮ ಮೊದಲೇ ಸ್ಪಷ್ಟವಾಗಿ ಬರೆದಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಅಗತ್ಯವಿದ್ದಷ್ಟೇ ಇರಬೇಕು. ಕಂಪನಿಗಳಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಅವರ ನಿಯಮಗಳನ್ನು ಇದೇ ಅಳತೆಯಲ್ಲಿ ನೋಡುವುದು ಈಗ ರೂಢಿ. ದ್ವೇಷಕ್ಕೆ ಪ್ರಚೋದನೆ ಯಾವುದು ಎಂದು ತೂಗಲು ವಿಶ್ವಸಂಸ್ಥೆಯ 2012ರ ರಬಾತ್ ಕ್ರಿಯಾ ಯೋಜನೆ ಆರು ಅಂಶ ಕೊಟ್ಟಿದೆ: ಸಂದರ್ಭ, ಮಾತಾಡಿದವರ ಸ್ಥಾನ, ಉದ್ದೇಶ, ಮಾತಿನ ತಿರುಳು ಮತ್ತು ರೂಪ, ಅದು ಹರಡಿದ ವ್ಯಾಪ್ತಿ, ಹಾನಿಯಾಗುವ ಸಾಧ್ಯತೆ. ಸಾವಿರಾರು ಜನ ಕೇಳುವ ನಾಯಕನ ಮಾತೂ, ಹತ್ತು ಜನರ ಗುಂಪಿನಲ್ಲಿ ಒಬ್ಬ ಆಡಿದ ಅದೇ ಮಾತೂ ಒಂದೇ ತೂಕದ್ದಲ್ಲ.

ಯುರೋಪ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿ 17ರಿಂದ ಪೂರ್ತಿ ಜಾರಿಯಾಗಿದೆ. ಅದು ಹೊಸ ನಿಷಿದ್ಧ ಮಾತುಗಳ ಪಟ್ಟಿ ಮಾಡಲು ಹೋಗಿಲ್ಲ, ಹೆಚ್ಚಾಗಿ ವಿಧಾನದ ಮೇಲೆ ಕೈಯಿಟ್ಟಿದೆ. ಪೋಸ್ಟ್ ತೆಗೆದರೆ ಅಥವಾ ಅದರ ವ್ಯಾಪ್ತಿ ತಗ್ಗಿಸಿದರೆ ಬರೆದವರಿಗೆ ಕಾರಣ ಹೇಳಬೇಕು. ದೂರು ಕೇಳುವ ವ್ಯವಸ್ಥೆ ಇರಬೇಕು, ಆ ದೂರನ್ನು ಯಂತ್ರವೊಂದೇ ತೀರ್ಮಾನಿಸುವಂತಿಲ್ಲ. ಕೋರ್ಟಿನ ಹೊರಗೆ ವ್ಯಾಜ್ಯ ಬಗೆಹರಿಸುವ ಸಂಸ್ಥೆಗೂ ಹೋಗಬಹುದು. ತಪ್ಪಿದರೆ ದಂಡ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ ಶೇಕಡಾ 6ರವರೆಗೆ. ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ವೇದಿಕೆಗಳಿಗೆ ಕುಂದುಕೊರತೆ ಅಧಿಕಾರಿ ಇರಬೇಕೆಂದವು. 2022ರ ತಿದ್ದುಪಡಿ ಆ ಅಧಿಕಾರಿಯ ಮೇಲೆ ಮೇಲ್ಮನವಿ ಸಮಿತಿಗಳನ್ನು ತಂದಿತು. ಸಮಿತಿಯ ಸದಸ್ಯರನ್ನು ನೇಮಿಸುವುದು ಸರ್ಕಾರವೇ ಆದ್ದರಿಂದ ಅದರ ಸ್ವತಂತ್ರತೆಯ ಬಗ್ಗೆ ಚರ್ಚೆ ಇದೆ.

ನಿಮ್ಮ ಪೋಸ್ಟ್ ಹೋದಾಗ ಮೇಲ್ಮನವಿಯಲ್ಲಿ ‘ಅನ್ಯಾಯ’ ಎಂದು ಬರೆದರೆ ಉಪಯೋಗ ಕಡಿಮೆ. ಅವರು ಹೇಳಿದ ನಿಯಮವನ್ನು ತೆರೆದು ಓದಿ. ಅದರಲ್ಲಿ ವರದಿ, ಖಂಡನೆ, ಕಲೆ, ಹಾಸ್ಯಗಳಿಗೆ ವಿನಾಯಿತಿ ಇದೆಯಾ ನೋಡಿ. ನಿಮ್ಮ ಮಾತು ಅದರಡಿ ಹೇಗೆ ಬರುತ್ತದೆ, ಯಾವ ಪದ ತಪ್ಪಾಗಿ ಓದಲಾಗಿದೆ ಎಂದು ಎರಡು ಮೂರು ಸಾಲಿನಲ್ಲಿ ಬಿಡಿಸಿ ಬರೆಯಿರಿ. ಬೆದರಿಕೆಗೆ ಒಳಗಾದವರು ರಿಪೋರ್ಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಉಳಿಸಿಕೊಳ್ಳಿ. ಪೋಸ್ಟ್ ಅಳಿದ ಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿಯದೆ ಹೋಗಬಹುದು.

ನೀವೇ ಒಂದು ಗುಂಪಿನ ಅಡ್ಮಿನ್ ಆಗಿದ್ದರೆ ವಿಕಿಪೀಡಿಯದಿಂದ ಕಲಿಯಬಹುದು. ಅಲ್ಲಿ ಯಾರು ಏನನ್ನು ಯಾವಾಗ ಅಳಿಸಿದರು ಎಂಬ ದಾಖಲೆಯನ್ನು ಸಾಮಾನ್ಯವಾಗಿ ಯಾರು ಬೇಕಾದರೂ ನೋಡಬಹುದು. ಸಣ್ಣ ಗುಂಪಿಗೂ ಇದು ಕಷ್ಟವಲ್ಲ. ನಿಯಮಗಳನ್ನು ಬರೆದು ಮೇಲೆ ಅಂಟಿಸಿ. ಮೆಸೇಜ್ ತೆಗೆದರೆ ಯಾವ ನಿಯಮಕ್ಕೆ ತೆಗೆದಿರಿ ಎಂದು ಹೇಳಿ. ಬರೆದವರು ತಕರಾರು ತೆಗೆದರೆ, ಅಳಿಸಿದವರನ್ನು ಬಿಟ್ಟು ಇನ್ನೊಬ್ಬ ಅಡ್ಮಿನ್ ಅದನ್ನು ನೋಡಲಿ.